ವಿನಾಪೋಟಿಯ ಕಂಬಕ್ಕೆ ಬೆನ್ನು ಕೊಟ್ಟವರು

ಮೊನ್ನೆ ಸೋಮವಾರವೂ ಅಮಾವಾಸ್ಯೆಯೂ ಕೂಡಿಬಂದಿದ್ದರಿಂದ ಮಹಾಕೂಟಕ್ಕೆ ಹೋಗಿದ್ದೆ. ನನ್ನ ಮೊಣಕಾಲಿನ ಕಥೆ ಬಲ್ಲ ಗೆಳತಿಯರು ಈಗಲೇ ಬೈಯಲು ಶುರು ಮಾಡಬೇಡಿ. ಅಜ್ಜಿಯ ಕಾಲದಂತೆ ಬಾದಾಮಿಯಿಂದ ಗುಡ್ಡದ ಕಾಲುದಾರಿ ಹಿಡಿಯಲಿಲ್ಲ, ತಮ್ಮನ ಮಗನ ಕಾರಿನಲ್ಲಿ ಸುತ್ತುಹಾದಿಯಿಂದಲೇ ಹೋದೆ. ಹೊಂಡದ ನೀರಿನಲ್ಲಿ ಕಾಲು ಇಳಿಬಿಟ್ಟು ಕುಳಿತು, ದರ್ಶನ ಮಾಡಿ, ಕಟ್ಟಿಕೊಂಡು ಹೋಗಿದ್ದ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ತಿಂದು ಸಮಾಧಾನದಿಂದ ಮನೆಗೆ ಬರಬೇಕಾಗಿದ್ದವಳು ಸಿಟ್ಟು ಹೊತ್ತುಕೊಂಡು ಬಂದಿದ್ದೇನೆ. ಮೂರು ದಿನವಾದರೂ ಅದು ಇಳಿದಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮಹಾಕೂಟೇಶ್ವರನ ಗುಡಿಯ ಮುಖಮಂಟಪದಲ್ಲಿ ಒಬ್ಬ ಹುಡುಗ, ಇಪ್ಪತ್ತೆರಡು ಇಪ್ಪತ್ಮೂರರವನಿರಬೇಕು, ಕೋಲಿಗೆ ಮೊಬೈಲ್ ಸಿಕ್ಕಿಸಿ, ಅಂಗಿಯ ಗುಂಡಿಯ ಬಳಿ ಸಣ್ಣ ಮೈಕು ಚುಚ್ಚಿಕೊಂಡು ವಿಡಿಯೋ ಮಾಡುತ್ತಿದ್ದ. ಐದು ಸಾವಿರ ವರ್ಷಗಳ ಹಿಂದೆ ದೇವತೆಗಳು ಒಂದೇ ರಾತ್ರಿಯಲ್ಲಿ ಕಟ್ಟಿದ ಗುಡಿ ಇದು, ಈ ಹೊಂಡದ ನೀರು ಎಲ್ಲಿಂದ ಬರುತ್ತದೆ ಎಂಬುದು ನಾಸಾದವರಿಗೂ ತಿಳಿದಿಲ್ಲ ಎಂದು ವೀಕ್ಷಕರಿಗೆ ಹೇಳುತ್ತಿದ್ದ. (ಪಾಪ, ನಾಸಾದವರು! ನಮ್ಮ ಕಡೆಯ ಗುಡಿಗಳ ಬಗ್ಗೆ ಅವರಿಗೆ ತಿಳಿಯದಿರುವ ಸಂಗತಿಗಳ ಪಟ್ಟಿ ವರ್ಷ ವರ್ಷವೂ ಉದ್ದವಾಗುತ್ತಿದೆ. ಮರಳುಗಲ್ಲಿನ ಗುಡ್ಡದ ಬುಡದಲ್ಲಿ ಒರತೆ ಹುಟ್ಟುವುದಕ್ಕೆ ಅವರನ್ನು ಕೇಳಬೇಕಾಗಿಲ್ಲ, ಪಕ್ಕದ ಹಳ್ಳಿ ನಂದಿಕೇಶ್ವರದ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ.) ಇಷ್ಟಾದರೆ ನಾನು ನಕ್ಕು ಮುಂದೆ ಹೋಗುತ್ತಿದ್ದೆ. ಆದರೆ ಆ ಹುಡುಗ ಬೆನ್ನು ಆನಿಸಿ ನಿಂತದ್ದು ವಿನಾಪೋಟಿಯ ಶಾಸನವಿರುವ ಕಂಬಕ್ಕೆ. ಯಾರು ಏನು ಕೊಟ್ಟರು ಎಂಬುದನ್ನು ಕನ್ನಡದಲ್ಲಿಯೇ ಕೊರೆದಿಟ್ಟ ಅಕ್ಷರಗಳು ಅವನ ಭುಜದ ಹಿಂದೆ ಇದ್ದವು, ಅವನ ಬಾಯಿಯಲ್ಲಿ ಮಾತ್ರ ದೇವತೆಗಳು ರಾತ್ರಿಪಾಳಿ ಮಾಡುತ್ತಿದ್ದರು.

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಿ ಸುಮ್ಮನಿರುವುದಿಲ್ಲ. "ತಮ್ಮಾ, ಸ್ವಲ್ಪ ಈ ಕಡೆ ಸರಿ, ನಿನ್ನ ಬೆನ್ನ ಹಿಂದ ಬರದೈತಿ" ಎಂದೆ. ಹುಡುಗ ಒಳ್ಳೆಯವನು, ಸಿಟ್ಟಿಗೇಳಲಿಲ್ಲ. "ಯಾರ ಬರಸ್ಯಾರ್ರೀ ಅಕ್ಕಾರ, ಪುಲಕೇಶಿನಾ?" ಎಂದು ಮೊಬೈಲನ್ನು ನನ್ನ ಕಡೆಗೇ ತಿರುಗಿಸಿದ. ಅಲ್ಲಪ್ಪಾ, ಒಬ್ಬಾಕಿ ಹೆಣ್ಣುಮಗಳು ಎಂದು ಹೇಳತೊಡಗಿದೆ. ಅವಳು ಚಾಲುಕ್ಯರ ವಿಜಯಾದಿತ್ಯನ ಪ್ರಾಣವಲ್ಲಭೆ ಎಂದೆ, ತಲೆಯಾಡಿಸಿದ. ಈ ದೇವರ ಪೀಠಕ್ಕೆ ಮಾಣಿಕ್ಯ ಕಟ್ಟಿಸಿದಳು, ಬೆಳ್ಳಿಯ ಕೊಡೆ ಏರಿಸಿದಳು, ಭೂಮಿಯನ್ನು ಬಿಟ್ಟುಕೊಟ್ಟಳು ಎಂದೆ, ಕಣ್ಣರಳಿಸಿದ. ಅವಳು ಸೂಳೆ ಎಂದು ಶಾಸನವೇ ಹೇಳುತ್ತದೆ ಎಂದಾಗ ಹುಡುಗ ಗಾಬರಿಯಿಂದ ಮೈಕಿನ ಮೇಲೆ ಅಂಗೈ ಮುಚ್ಚಿದ. "ಅಕ್ಕಾರ, ಅದೊಂದ ಬಿಟ್ಟ ಹೇಳ್ರಿ. ಗುಡ್ಯಾಗ ಇದ್ದೇವಿ."

ನನ್ನ ತಕರಾರು ಇರುವುದು ಅಲ್ಲಿಯೇ, ಆ ಅಂಗೈಯಲ್ಲಿ. ಗುಡಿಯಲ್ಲಿ ಆಡಬಾರದ ಮಾತನ್ನು ನಾನು ಆಡಿದೆನೆಂದು ಆ ಹುಡುಗನಿಗೆ ಅನ್ನಿಸಿತು. ಆದರೆ ಆ ಮಾತು ಗುಡಿಗೆ ಹೊರಗಿನಿಂದ ಬಂದದ್ದಲ್ಲ. ಸುಮಾರು ಸಾವಿರದ ಮುನ್ನೂರು ವರ್ಷಗಳಿಂದ, ಗರ್ಭಗುಡಿಯ ಎದುರಿಗೇ, ದೇವರು ನೋಡುತ್ತಿರುವಂತೆಯೇ ಅದು ಅಲ್ಲಿದೆ. ವಿಜಯಾದಿತ್ಯ ಆಳಿದ್ದು ಕ್ರಿ.ಶ. 696ರಿಂದ 733ರವರೆಗೆ, ಆ ಕಾಲದಲ್ಲಿ ಅದನ್ನು ಬರೆಸಿದವರಿಗೆ, ಕೊರೆದವನಿಗೆ, ಓದಿ ಒಪ್ಪಿದ ಆಚಾರ್ಯರಿಗೆ ಯಾರಿಗೂ ಅದು ಮುಚ್ಚಿಡಬೇಕಾದ ಸಂಗತಿ ಎನ್ನಿಸಲಿಲ್ಲ. ಆ ಶಾಸನ ಅವಳನ್ನು ಕರೆಯುವ ರೀತಿಯನ್ನು ಗಮನಿಸಬೇಕು. ಬರೀ 'ವಿನಾಪೋಟಿ' ಎನ್ನುವುದಿಲ್ಲ, 'ವಿನಾಪೋಟಿಗಳ್' ಎನ್ನುತ್ತದೆ. ಇಂದು ನಾವು ಹಿರಿಯರಿಗೆ 'ಅವರು' ಸೇರಿಸುವಂತೆ ಅಂದಿನ ಕನ್ನಡ 'ಗಳ್' ಸೇರಿಸುತ್ತಿತ್ತು. ಅವಳ ತಾಯಿ ಕುಚಿಪೋಟಿಗಳ್, ತಾಯಿಯ ತಾಯಿ ರೇವಮಂಚಳ್ಗಳ್. ಮೂರು ತಲೆಮಾರಿನ ಹೆಂಗಸರ ಹೆಸರು ಗೌರವದೊಡನೆ ಒಂದರ ಹಿಂದೆ ಒಂದು ಬರುತ್ತವೆ, ಅಪ್ಪಂದಿರ ಸುದ್ದಿಯೇ ಇಲ್ಲ. ನಮ್ಮ ಮನೆಗಳ ವಂಶವೃಕ್ಷಗಳಲ್ಲಿ ಅಜ್ಜಿಯ ತಾಯಿಯ ಹೆಸರು ಎಷ್ಟು ಜನರಿಗೆ ಗೊತ್ತಿದೆಯೋ, ಎದೆ ಮುಟ್ಟಿಕೊಂಡು ಹೇಳಿ ನೋಡೋಣ. ನನಗಂತೂ ಗೊತ್ತಿಲ್ಲ.

ಅವಳ ದಾನಗಳ ಪೈಕಿ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆಗಳಿಗೆ ಎಲ್ಲರೂ ಬೆರಗಾಗುತ್ತಾರೆ. ನನಗೆ ದೊಡ್ಡದೆನಿಸುವುದು ಅವಳು ಇಲ್ಲಿ ಹಿರಣ್ಯಗರ್ಭವನ್ನು ನೆರವೇರಿಸಿದಳು ಎಂಬ ಸಂಗತಿ. ಹಿರಣ್ಯಗರ್ಭವೆಂದರೆ ಬಂಗಾರದ ಗರ್ಭದೊಳಗೆ ಹೊಕ್ಕು, ಮಂತ್ರಗಳ ನಡುವೆ ಹೊಸದಾಗಿ ಹುಟ್ಟಿದಂತೆ ಹೊರಗೆ ಬಂದು, ಆ ಬಂಗಾರವನ್ನು ದಾನ ಮಾಡಿಬಿಡುವ ಮಹಾದಾನ. ಬಾದಾಮಿಯ ಕೋಟೆಯ ಬಂಡೆಯ ಮೇಲೆ ಶಕ 465ರ, ಅಂದರೆ ಕ್ರಿ.ಶ. 543ರ ಶಾಸನವಿದೆ, ಬೆಟ್ಟವನ್ನು ದುರ್ಗವಾಗಿಸಿದ ಒಂದನೆಯ ಪುಲಕೇಶಿ ಅಶ್ವಮೇಧದ ಜೊತೆಗೆ ಹಿರಣ್ಯಗರ್ಭವನ್ನೂ ಮಾಡಿದವನೆಂದು ಅದು ಹೊಗಳುತ್ತದೆ. ಚಾಲುಕ್ಯ ರಾಜ್ಯಕ್ಕೆ ಬುನಾದಿ ಹಾಕಿದ ದೊರೆ ತಾನು ದೊರೆಯೆಂದು ಲೋಕಕ್ಕೆ ತೋರಿಸಲು ಮಾಡಿದ ಕರ್ಮವನ್ನು, ಒಂದೂವರೆ ಶತಮಾನ ಕಳೆದ ಮೇಲೆ, ಗುಡ್ಡದ ಈಚೆ ಬದಿಯಲ್ಲಿ ವಿನಾಪೋಟಿ ಮಾಡಿದಳು. ಮತ್ತೆ ಹುಟ್ಟುವುದಕ್ಕೆ ಅವಳು ಆರಿಸಿಕೊಂಡ ಜಾಗವನ್ನಾದರೂ ನೋಡಿ. ವರ್ಷವಿಡೀ ಕಲ್ಲಿನಿಂದ ನೀರು ಜಿನುಗುವ ಹೊಂಡ, ನೀರಿನ ನಡುವೆ ಪುಟ್ಟ ಮಂಟಪದಲ್ಲಿ ಮುಖಗಳುಳ್ಳ ಲಿಂಗ, ಸುತ್ತ ಆಲದ ಬಿಳಲು. ಹೊಂಡದಲ್ಲಿ ಮುಳುಗಿ ಏಳುವವರು ಇಂದಿಗೂ ಹಳೆಯದನ್ನು ಬಿಟ್ಟು ಏಳುತ್ತೇವೆ ಎಂದೇ ನಂಬುತ್ತಾರೆ. ದಕ್ಷಿಣ ಕಾಶಿ ಎಂದು ನಮ್ಮ ಹಿರಿಯರು ಈ ಸ್ಥಳವನ್ನು ಕರೆದದ್ದಕ್ಕೆ ಪುರಾಣದಲ್ಲಿ ಆಧಾರ ಹುಡುಕುವವರು ಹುಡುಕಲಿ, ನನಗೆ ಆ ನೀರು ಮತ್ತು ಆ ಹೆಂಗಸು ಸಾಕು.

"ಅಕ್ಕಾ, ಭಕ್ತಿಗೆ ಶಾಸನ ಯಾಕ ಬೇಕು? ಕೈ ಮುಗಿಯೋರಿಗೆ ಕಟ್ಟಿದೋರು ಯಾರಾದ್ರೇನು?" ಎಂದು ಹಿಂತಿರುಗುವಾಗ ತಮ್ಮನ ಮಗ ಕೇಳಿದ. (ಅವನು ನನ್ನನ್ನು ಅತ್ತೆ ಎನ್ನದೆ ಅಕ್ಕಾ ಎನ್ನುವುದು ನಮ್ಮ ಮನೆಯ ಹಳೆಯ ರೂಢಿ, ಅದಕ್ಕೆ ಯಾರೂ ಟಿಪ್ಪಣಿ ಬರೆಯಬೇಡಿ.) ಮೇಲುನೋಟಕ್ಕೆ ದೊಡ್ಡ ಮಾತು. ನಮ್ಮಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಅವಳ ಭಕ್ತಿ ನನ್ನದಕ್ಕಿಂತ ಹತ್ತು ಪಟ್ಟು ಹೆಚ್ಚಿನದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಈ ಮಾತನ್ನು ಆಡುವವರ ಊರಿನ ಗುಡಿಗಳಿಗೆ ಹೋಗಿ ಸ್ವಲ್ಪ ತಲೆ ಎತ್ತಿ ನೋಡಬೇಕು. ಫ್ಯಾನಿನ ಮೂರು ರೆಕ್ಕೆಗಳ ಮೇಲೂ ದಾನಿಯ ಹೆಸರಿರುತ್ತದೆ, ತಿರುಗುವಾಗ ಓದಲಾಗುವುದಿಲ್ಲವೆಂದು ನಡುವಿನ ಬಟ್ಟಲ ಮೇಲೆಯೂ ಬರೆಸಿರುತ್ತಾರೆ. ಟ್ಯೂಬ್‌ಲೈಟಿಗೆ ಹೆಸರು, ಸ್ಟೀಲಿನ ಬೆಂಚಿಗೆ ಹೆಸರು, ಕುಡಿಯುವ ನೀರಿನ ಟಾಕಿಗೆ ಅಪ್ಪ, ಅವ್ವ, ಅಂಗಡಿಯ ವಿಳಾಸ ಸಮೇತ ಹೆಸರು. ನಲವತ್ತು ವ್ಯಾಟಿನ ದಾನಕ್ಕೆ ಹೆಸರು ಬೇಕು, ಮಾಣಿಕ್ಯದ ಪೀಠ ಕೊಟ್ಟವಳ ಹೆಸರು ಕೇಳಿದರೆ ಮಾತ್ರ ಭಕ್ತಿ ಅಡ್ಡ ಬರುತ್ತದೆ.

ನಾನು ಕಥೆಗಳಿಗೆ ವಿರೋಧಿ ಎಂದೂ ತಿಳಿಯಬಾರದು. ಇದೇ ಊರಿಗೆ ಅಂಟಿಕೊಂಡಿರುವ ಅಗಸ್ತ್ಯರ ಕಥೆಯನ್ನು ನಾನು ಯಾರಿಗೂ ಬಿಟ್ಟುಕೊಡುವವಳಲ್ಲ. ಇಲ್ವಲನು ತಮ್ಮನಾದ ವಾತಾಪಿಯನ್ನು ಟಗರಾಗಿಸಿ, ಅಡಿಗೆ ಮಾಡಿ, ಅತಿಥಿಗಳಿಗೆ ಬಡಿಸಿ, ಅವರು ಉಂಡ ಮೇಲೆ ಹೆಸರು ಹಿಡಿದು ಕರೆದು ಹೊಟ್ಟೆ ಸೀಳಿಸುತ್ತಿದ್ದ. ಅಗಸ್ತ್ಯರು ಉಂಡು, ಹೊಟ್ಟೆ ಸವರಿಕೊಂಡು ಅವನನ್ನು ಜೀರ್ಣಿಸಿಕೊಂಡರು. ನನಗೆ ಹೊಟ್ಟೆನೋವು ಬಂದಾಗಲೆಲ್ಲ ಅಜ್ಜಿ ಇಂಗು ತೇಯ್ದು ಹೊಕ್ಕುಳ ಸುತ್ತ ಸವರುತ್ತ "ವಾತಾಪಿ ಜೀರ್ಣೋ ಭವ" ಎನ್ನುತ್ತಿದ್ದಳು, ನೋವು ನಿಜವಾಗಿಯೂ ಇಳಿಯುತ್ತಿತ್ತು. ಆ ಕಥೆ ಈ ಮಣ್ಣಿನಲ್ಲಿ ಬೇರು ಬಿಟ್ಟದ್ದು, ಬಾದಾಮಿಯ ಹಳೆಯ ಹೆಸರೇ ಅದರಲ್ಲಿದೆ, ಅದು ಯಾರ ಹೆಸರನ್ನೂ ಅಳಿಸುವುದಿಲ್ಲ. ಒಂದು ರಾತ್ರಿಯಲ್ಲಿ ದೇವತೆಗಳು ಕಟ್ಟಿದರು ಎಂಬುದು ಹಾಗಲ್ಲ. ಕಲ್ಲು ಕಡಿದವನನ್ನೂ, ಹೊತ್ತವನನ್ನೂ, ಕೊಟ್ಟವಳನ್ನೂ ಒಂದೇ ಏಟಿಗೆ ಗುಡಿಯಿಂದ ಹೊರಗೆ ಹಾಕುವ ಕಥೆ ಅದು.

ಹೆಂಗಸರ ಹೆಸರುಗಳು ನಮಗೆ ಬೇಡವೇ ಬೇಡ ಎಂದೂ ಅಲ್ಲ, ರಾಣಿಯಾದರೆ ನಡೆಯುತ್ತದೆ. ಪಟ್ಟದಕಲ್ಲಿನಲ್ಲಿ ಯಾವ ಗೈಡನ್ನು ಕೇಳಿದರೂ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದುದರ ನೆನಪಿಗೆ ಲೋಕಮಹಾದೇವಿ ವಿರೂಪಾಕ್ಷನ ಗುಡಿ ಕಟ್ಟಿಸಿದಳು, ಪಕ್ಕದ ಮಲ್ಲಿಕಾರ್ಜುನ ಅವಳ ತಂಗಿ ತ್ರೈಲೋಕ್ಯಮಹಾದೇವಿಯದು ಎಂದು ಉಸಿರು ಬಿಡದೆ ಒಪ್ಪಿಸುತ್ತಾನೆ. ಮಹಾಕೂಟದಲ್ಲಿಯೂ ಒಬ್ಬ ರಾಣಿ ಇದ್ದಾಳೆ. ಚಾಲುಕ್ಯ ದೊರೆ ಮಂಗಳೇಶನು ಕಲಚುರಿ ಬುದ್ಧರಾಜನನ್ನು ಸೋಲಿಸಿ, ಆ ಸಂಪತ್ತನ್ನು ಮಕುಟೇಶ್ವರನಿಗೆ, ಅಂದರೆ ಇದೇ ಮಹಾಕೂಟೇಶ್ವರನಿಗೆ, ಒಪ್ಪಿಸಿ, ಗಂಗೆಯ ದಡದಲ್ಲಿ ಜಯಸ್ತಂಭ ನಿಲ್ಲಿಸುವ ಮೊದಲು ಇಲ್ಲಿ ಧರ್ಮದ ಜಯಸ್ತಂಭ ನಿಲ್ಲಿಸಿದ. ಸಾಮಾನ್ಯವಾಗಿ ಕ್ರಿ.ಶ. 602ರದೆಂದು ಹೇಳುವ ಆ ಕಂಬದ ಶಾಸನದಲ್ಲಿ, ಅವನ ತಂದೆ ಪುಲಕೇಶಿಯ ಹೆಂಡತಿ ದುರ್ಲಭದೇವಿಯ ಹೆಸರೂ, ದೇವರಿಗೆ ಬಿಟ್ಟ ಹತ್ತು ಹಳ್ಳಿಗಳ ಮಾತೂ ಬರುತ್ತದೆ. ಕಂಬ ನಿಲ್ಲಿಸುವ ಹೊತ್ತಿಗಾಗಲೇ ಇಲ್ಲಿ ದೇವರು ಪೂಜೆಗೊಳ್ಳುತ್ತಿದ್ದನೆಂಬುದು ಅದರಿಂದಲೇ ತಿಳಿಯುತ್ತದೆ. ವಯಸ್ಸು ಹೇಳುವುದಕ್ಕೆ ಐದು ಸಾವಿರದ ಸುಳ್ಳು ಬೇಕಾಗಿಲ್ಲ. ಕಂಬ ಮಾತ್ರ ಈಗ ಇಲ್ಲಿಲ್ಲ, ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಜನ ಅದನ್ನು ದಾಟಿ ಗುಮ್ಮಟದೊಳಗೆ ಹೋಗಿ ತಮ್ಮದೇ ಕೂಗನ್ನು ಏಳು ಸಲ ಕೇಳಿಸಿಕೊಂಡು ಬರುತ್ತಾರೆ.

ವಿನಾಪೋಟಿಯ ಕಂಬವನ್ನು ಯಾರೂ ಒಯ್ದಿಲ್ಲ. ಅದು ಬಾಗಿಲಲ್ಲಿಯೇ ಇದೆ, ನಾವೇ ಅದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತೇವೆ. ವಿಚಿತ್ರವೆಂದರೆ ಇದು ಕೂಡಲಸಂಗಮ ಇರುವ ಜಿಲ್ಲೆ. ವಿನಾಪೋಟಿಯಾದ ನಾಲ್ಕು ನೂರು ವರ್ಷಗಳ ಮೇಲೆ ಸೂಳೆ ಸಂಕವ್ವೆ ಅದೇ ಶಬ್ದವನ್ನು ಹೆಸರಿನ ಮುಂದೆಯೇ ಇಟ್ಟುಕೊಂಡು, ನಿರ್ಲಜ್ಜೇಶ್ವರನ ಅಂಕಿತದಲ್ಲಿ ವಚನ ಹೇಳಿದಳು. ಬಸವ ಜಯಂತಿಯ ವೇದಿಕೆಗಳಲ್ಲಿ ಅವಳ ಹೆಸರು ಹೇಳಿ ಚಪ್ಪಾಳೆ ತಟ್ಟಿಸಿಕೊಳ್ಳುವವರನ್ನು ನಾನು ಬಲ್ಲೆ. ಅವರೇ ಮಹಾಕೂಟಕ್ಕೆ ಬಂದಾಗ, ಆ ಕಂಬದ ಮುಂದೆ, "ಅದು ಬ್ಯಾಡ ಬಿಡ್ರಿ, ಮಕ್ಕಳದಾವ" ಎಂದದ್ದನ್ನೂ ಕೇಳಿದ್ದೇನೆ.

ಇಷ್ಟೆಲ್ಲ ಬರೆದ ಮೇಲೆ ಇದನ್ನೂ ಬರೆಯದಿದ್ದರೆ ಆ ಹುಡುಗನಿಗೆ ಅನ್ಯಾಯವಾಗುತ್ತದೆ. ಮಕ್ಕಳಿದ್ದಾರೆ ಎಂದು ಮೊದಲು ಹೇಳಿದವಳು ನಾನೇ. ಎಷ್ಟು ವರ್ಷ ಹೈಸ್ಕೂಲಿನ ಮಕ್ಕಳನ್ನು ಶಾಲಾ ಪ್ರವಾಸದಲ್ಲಿ ಮಹಾಕೂಟಕ್ಕೆ ಕರೆದುಕೊಂಡು ಹೋಗಿದ್ದೇನೆಂಬುದು ಇಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಗೊತ್ತು. ಒಂದೊಂದು ಸಲವೂ ಆ ಕಂಬದ ಮುಂದೆ ಸಾಲಾಗಿ ನಿಲ್ಲಿಸಿ, ನಮ್ಮ ಜಿಲ್ಲೆಯಲ್ಲಿ ಸಿಗುವ ಹಳೆಯ ಕನ್ನಡ ಅಕ್ಷರಗಳಿವು, ಮುಟ್ಟಿ ನೋಡಿ ಎಂದು ಮುಟ್ಟಿಸಿದ್ದೇನೆ. ಒಮ್ಮೆ ಗುಳೇದಗುಡ್ಡದ ಕಡೆಯ ಹುಡುಗಿಯೊಬ್ಬಳು, ಕೊನೆಯ ಸಾಲಿನಲ್ಲಿ ನಿಂತವಳು, "ಈಕಿ ಯಾರ್ರೀ ಟೀಚರ್, ರಾಣೀನಾ?" ಎಂದು ಕೇಳಿದಳು. ಪಕ್ಕದಲ್ಲಿ ಹೆಡ್‌ಮಾಸ್ತರರಿದ್ದರು, ಪೂಜಾರಿಯವರು ಮಂಗಳಾರತಿಯ ತಟ್ಟೆ ಹಿಡಿದು ನಿಂತಿದ್ದರು. "ಹೌದವಾ, ರಾಣಿ" ಎಂದೆ. ಆ ಮುಂದಿನ ಎಲ್ಲ ವರ್ಷಗಳಲ್ಲಿಯೂ ಯಾರೂ ಕೇಳದಿದ್ದರೂ ರಾಣಿ ಎಂದೇ ಹೇಳಿದೆ. ಅಂಗೈಯಿಂದ ಮುಚ್ಚಿಕೊಳ್ಳಲು ನನ್ನ ಬಳಿ ಮೈಕು ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಸೋಮವಾರ ಆ ಹುಡುಗನ ಮುಂದೆ ಶಬ್ದವನ್ನು ಬಿಡದೆ ಹೇಳಿದ್ದು ಬಹುಶಃ ನಿವೃತ್ತಿಯ ಧೈರ್ಯವಿರಬೇಕು. ಅವನು ಕೊನೆಗೆ ನನ್ನ ನಂಬರು ತೆಗೆದುಕೊಂಡು, "ಎಲ್ಲಾ ಹಾಕ್ತೇನ್ರಿ ಅಕ್ಕಾರ, ಒಂದು ಶಬ್ದಾನೂ ಬಿಡಂಗಿಲ್ಲ" ಎಂದು ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ. ನಿನ್ನೆ ರಾತ್ರಿ ವಿಡಿಯೋ ಕಳುಹಿಸಿದ್ದಾನೆ. ಹೊಂಡ ಬಹಳ ಚೆನ್ನಾಗಿ ಬಂದಿದೆ, ಆಲದ ನೆರಳು ನೀರಿನಲ್ಲಿ ಆಡುವುದು ಕಾಣುತ್ತದೆ, ದೇವತೆಗಳೂ ನಾಸಾದವರೂ ಹೋಗಿದ್ದಾರೆ. ನನ್ನ ಧ್ವನಿ ಮಾಣಿಕ್ಯದ ಪೀಠದವರೆಗೆ ಬಂದು, ಬೆಳ್ಳಿಯ ಕೊಡೆ ದಾಟಿ, ಒಂದು ಕ್ಷಣ ನಿಂತು, ಹಿರಣ್ಯಗರ್ಭಕ್ಕೆ ನೆಗೆಯುತ್ತದೆ. ಆ ನಿಂತ ಜಾಗದಲ್ಲಿ ಪರದೆಯ ಮೇಲೆ ಹಳದಿ ಅಕ್ಷರಗಳಲ್ಲಿ 'ಮಹಾರಾಣಿ ವಿನಾಪೋಟಿ' ಎಂದು ಬರುತ್ತದೆ, ಹಿಂದೆ ಶಂಖದ ಸದ್ದು. ಕೆಳಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, "ನಮ್ಮ ಟೀಚರ್ ಶಾಲೆಯಲ್ಲಿಯೂ ಇದನ್ನೇ ಹೇಳುತ್ತಿದ್ದರು" ಎಂದು ಹೆಮ್ಮೆಯಿಂದ ಬರೆದು, ನನ್ನ ಹೆಸರನ್ನು ಟ್ಯಾಗ್ ಮಾಡಿದ್ದಾಳೆ.