ಐರಿಷ್ ಕಲಿಯಬೇಕಾ? ಮೊದಲು ರೇಡಿಯೊ ಹಾಕಿ

ಐರ್ಲೆಂಡಿನಲ್ಲಿ ನೆಲೆಸಿದ ನಮ್ಮವರ ಮಕ್ಕಳು ಶಾಲೆಯಲ್ಲಿ ಐರಿಷ್ ಕಲಿಯುತ್ತಾರೆ. ಅವರ ಜೊತೆ ಹೋಮ್‌ವರ್ಕ್‌ಗೆ ಕೂತು ಕೆಲವು ಅಪ್ಪ ಅಮ್ಮಂದಿರೂ ಕಲಿಯಲು ಶುರು ಮಾಡಿದ್ದಾರೆ. ನೋಡಿದರೆ ತುಂಬಾ ಖುಷಿಯಾಗುತ್ತದೆ. ಆದರೆ 'ಒಂದಿಷ್ಟು ಪದ, ವ್ಯಾಕರಣ ಬರಲಿ, ಆಮೇಲೆ ರೇಡಿಯೊ ಕೇಳೋಣ' ಅನ್ನುತ್ತಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಈ ಭಾಷೆಗೆ ಕಿವಿ ಮೊದಲ ದಿನದಿಂದಲೇ ಪಳಗಬೇಕು.

ಯಾಕೆ ಗೊತ್ತಾ? ಇಲ್ಲಿ ಪದದ ಬಾಲ ಮಾತ್ರವಲ್ಲ, ತಲೆಯೂ ಬದಲಾಗುತ್ತದೆ. ಕಾರ್ಕ್ ಊರಿನ ಐರಿಷ್ ಹೆಸರು ಕೊರ್ಕಿಗ್. ಹವಾಮಾನ ವರದಿಯಲ್ಲಿ 'ಕಾರ್ಕ್‌ನಲ್ಲಿ ಮಳೆ' ಅಂದಾಗ ಕೇಳಿಸುವುದು 'ಇ ಗೊರ್ಕಿಗ್'. ಬರೆಯುವಾಗ ಹಳೆಯ ಅಕ್ಷರ ಹಾಗೇ ಉಳಿಯುವುದರಿಂದ ಕಣ್ಣಿಗೆ ಗುರುತು ಸಿಗುತ್ತದೆ. ಕಿವಿಗೆ ಆ ಸಹಾಯ ಇಲ್ಲ. ಡಬ್ಲಿನ್‌ನ ಐರಿಷ್ ಹೆಸರಂತೂ ಕಾಗದದ ಮೇಲೆ ಮೂರು ಪದ, ಬಾಯಲ್ಲಿ ಬರೀ 'ಬ್ಲಾ ಕ್ಲೀಅ'. ಇದು ಪುಸ್ತಕದಿಂದ ಬರುವ ವಿದ್ಯೆ ಅಲ್ಲ.

ಬೀದಿಯಲ್ಲಿ ಕೇಳಿ ಕಲಿಯೋಣ ಅಂದರೆ ಅದೂ ಕಷ್ಟ. 2022ರ ಜನಗಣತಿಯಲ್ಲಿ ಐರಿಷ್ ಬರುತ್ತದೆ ಅಂದವರು 18 ಲಕ್ಷಕ್ಕೂ ಜಾಸ್ತಿ. ಶಾಲೆಯ ಹೊರಗೆ ದಿನಾ ಮಾತಾಡುವವರು ಸುಮಾರು 72 ಸಾವಿರ ಅಷ್ಟೇ. ಆ ಮಾತು ಮನೆಗೆ ಬರುವ ದಾರಿ ಅಂದರೆ ಐರಿಷ್ ಭಾಷೆಯ ಬಾನುಲಿ, ರೇಡಿಯೊ ನ ಗೇಲ್ತಖ್ತ. ಅದು ಸುಮ್ನೆ ಹುಟ್ಟಿದ್ದಲ್ಲ. 1970ರಲ್ಲಿ ಪಶ್ಚಿಮ ಐರ್ಲೆಂಡಿನ ಕಾನಮಾರಾದ ಯುವಕರು ಪರವಾನಗಿ ಇಲ್ಲದೆ ತಮ್ಮದೇ ರೇಡಿಯೊ ನಡೆಸಿ, ತಮ್ಮ ಭಾಷೆಯ ಬಾನುಲಿಗಾಗಿ ಹಕ್ಕು ಕೇಳಿದರು. 1972ರ ಏಪ್ರಿಲ್ 2ರಂದು ಸರ್ಕಾರಿ ಬಾನುಲಿ ಶುರುವಾಯಿತು. ಅವರ ಹೋರಾಟದ ಬಗ್ಗೆ ನನಗೆ ಬಹಳ ಗೌರವ.

ಎಲ್ಲಿಂದ ಶುರು ಮಾಡುವುದು? ನನ್ನನ್ನು ಕೇಳಿದರೆ ಸಾವಿನ ಸುದ್ದಿಯಿಂದ. ವಿಚಿತ್ರ ಅನ್ನಿಸಬಹುದು. ಆದರೆ ಈ ಬಾನುಲಿಯಲ್ಲಿ ಊರೂರಿನ ಸಾವಿನ ಪ್ರಕಟಣೆಗಳನ್ನು ಓದುತ್ತಾರೆ. ತೀರಿಕೊಂಡವರು ಯಾರು, ಯಾವ ಊರಿನವರು, ಅಂತಿಮ ದರ್ಶನ ಎಲ್ಲಿ, ಚರ್ಚಿನಲ್ಲಿ ಪ್ರಾರ್ಥನೆ ಎಷ್ಟು ಹೊತ್ತಿಗೆ, ಮಣ್ಣು ಮಾಡುವುದು ಎಲ್ಲಿ. ಹೆಸರು ಬೇರೆ, ವಾಕ್ಯದ ಅಚ್ಚು ಅದೇ. ವಾರದ ದಿನ, ಗಂಟೆ, ಊರಿನ ಹೆಸರು ತಾನಾಗಿ ಬಿಡಿಬಿಡಿಯಾಗಿ ಕೇಳಿಸತೊಡಗುತ್ತವೆ. ಜೊತೆಗೆ ಒಂದು ಊರು ತನ್ನವರನ್ನು ಕಳಿಸಿಕೊಡುವ ರೀತಿಯೂ ತಿಳಿಯುತ್ತದೆ.

ಆಮೇಲೆ ವಾರ್ತೆ. ಅವತ್ತಿನ ಸುದ್ದಿಯನ್ನು ಮೊದಲು ಇಂಗ್ಲಿಷಿನಲ್ಲಿ ಓದಿಕೊಂಡು ಕೂತರೆ ಅರ್ಧ ಕೆಲಸ ಮುಗಿದ ಹಾಗೆ.

ಒಂದು ಮಾತು: ಐರಿಷ್ ಮಾತಾಡುವ ಸೀಮೆಗಳಾದ ಡೊನೆಗಾಲ್, ಕಾನಮಾರಾ, ಕೆರ್ರಿ, ಮೂರು ಕಡೆಯ ಮಾತಿನ ರೀತಿಯೂ ಬೇರೆ ಬೇರೆ. ಶುರುವಿನಲ್ಲಿ ಒಂದನ್ನೇ ಹಿಡಿಯಿರಿ. ಐರಿಷ್ ಭಾಷೆಯ ಟಿವಿ ಚಾನೆಲ್ ಟಿ.ಜಿ. 4 ಕೂಡ ಒಳ್ಳೆಯದೇ, ಆದರೆ ಅಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇದ್ದರೆ ಕಣ್ಣು ಅತ್ತ ಓಡುತ್ತದೆ, ಕಿವಿ ಮಲಗುತ್ತದೆ. ಅದಕ್ಕೇ ನನ್ನ ಓಟು ರೇಡಿಯೊಗೆ. ಇಂಟರ್ನೆಟ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತದೆ, ಬೆಂಗಳೂರಿನಲ್ಲಿ ಕೂತವರೂ ಕೇಳಬಹುದು.