ಹದಿನಾಲ್ಕು ಕಾಮೆಂಟು, ಒಂದು ಕ್ಲಾಕು

ಕೆಲವು ವರ್ಷಗಳ ಹಿಂದೆ ನಮ್ಮ ತಂಡದ ಹುಡುಗನೊಬ್ಬ ಬರೆದ ಲಿನಕ್ಸ್ ಡ್ರೈವರ್ (ಹಾರ್ಡ್‌ವೇರನ್ನು ನಡೆಸುವ ಕೋಡು) ನನ್ನ ಹತ್ತಿರ ರಿವ್ಯೂಗೆ, ಅಂದರೆ ಓದಿ ತಪ್ಪು ಹೇಳಲು, ಬಂತು. ಹುರುಪಿನಲ್ಲಿ 14 ಕಾಮೆಂಟ್ ಹಾಕಿದೆ. ಇಲ್ಲಿ ಟ್ಯಾಬ್ ಬದಲು ಸ್ಪೇಸ್ ಇದೆ, ಅಲ್ಲಿ ಕರ್ಲಿ ಬ್ರಾಕೆಟ್ ಕೆಳಗಿಳಿದಿದೆ, ಈ ಸಾಲು 80 ಅಕ್ಷರ ದಾಟಿದೆ. ಪಾಪ, ಎಲ್ಲವನ್ನೂ ಸರಿಮಾಡಿ ಕಳಿಸಿದ. ನಾನೂ ಓಕೆ ಅಂದೆ.

ಎರಡು ವಾರಕ್ಕೆ ಟೆಸ್ಟಿಂಗ್‌ನವರು ಬಂದರು. ಬೋರ್ಡ್ ಸಸ್ಪೆಂಡ್ ಆಗಿ ನಿದ್ದೆಯಲ್ಲಿದ್ದರೂ ಬ್ಯಾಟರಿ ಇಳಿಯುತ್ತಿದೆಯಂತೆ.

ಆಗಿದ್ದು ಇಷ್ಟು. ಡ್ರೈವರ್ ಶುರುವಾಗುವಾಗ ಓಡುವ ಪ್ರೋಬ್ ಫಂಕ್ಷನ್ ಮೊದಲು ಕ್ಲಾಕ್ (ಚಿಪ್ಪಿಗೆ ತಾಳ ಕೊಡುವ ಸಿಗ್ನಲ್) ಆನ್ ಮಾಡಿ, ಆಮೇಲೆ ಇಂಟರಪ್ಟ್ (ಹಾರ್ಡ್‌ವೇರ್ ಪ್ರೊಸೆಸರನ್ನು ಕರೆಯುವ ಗಂಟೆ) ಕೇಳುತ್ತಿತ್ತು. ಇಂಟರಪ್ಟ್ ಕಂಟ್ರೋಲರ್ ಇನ್ನೂ ಎದ್ದಿಲ್ಲದಿದ್ದರೆ 'ಆಮೇಲೆ ಬಾ' ಅನ್ನುವ ಎರರ್ ಬರುತ್ತದೆ. ಇವನ ಕೋಡ್ ಅಲ್ಲಿಂದಲೇ ರಿಟರ್ನ್. ಕ್ಲಾಕ್ ಆಫ್ ಮಾಡಲೇ ಇಲ್ಲ. ಕರ್ನಲ್ (ಲಿನಕ್ಸಿನ ತಿರುಳು) ಮತ್ತೆ ಪ್ರೋಬ್ ಕರೆದಾಗ, ಕ್ಲಾಕನ್ನು ಎಷ್ಟು ಸಲ ಆನ್ ಮಾಡಿದೆ ಅನ್ನುವ ಲೆಕ್ಕ ಎರಡಾಯಿತು. ಸಸ್ಪೆಂಡ್‌ನಲ್ಲಿ ಒಂದೇ ಸಲ ಆಫ್ ಮಾಡಿದರೆ ಇನ್ನೊಂದು ಉಳಿಯಿತಲ್ಲ, ಕ್ಲಾಕ್ ಓಡುತ್ತಲೇ ಇತ್ತು. ನಾನು ಬ್ರಾಕೆಟ್ ಎಣಿಸುತ್ತಾ ಕೂತಿದ್ದೆ.

ಟ್ಯಾಬು, ಸ್ಪೇಸು ನೋಡಲು ಲಿನಕ್ಸಿನ ಜೊತೆಗೇ ಬರುವ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಇದೆ. ಅದು ಮಾಡುವ ಕೆಲಸಕ್ಕೆ ಮನುಷ್ಯನ ಕಣ್ಣು ಯಾಕೆ? 80ರ ಮಿತಿಯನ್ನೂ ಆ ಸ್ಕ್ರಿಪ್ಟ್ 2020ರಲ್ಲಿ 100ಕ್ಕೆ ಏರಿಸಿತು. (ನಮ್ಮಲ್ಲಿ ಇನ್ನೂ ಅದರ ಬಗ್ಗೆ ಜಗಳ ನಡೆಯುತ್ತಲೇ ಇದೆ, ಬಿಡಿ.)

ಹಾಗಂತ ಸ್ಟೈಲ್ ಬೇಡ ಅಂತಲ್ಲ. 2014ರಲ್ಲಿ ಬಯಲಾದ ಒಂದು ತಪ್ಪು ನೋಡಿ: ಆಪಲ್‌ನ ಎಸ್‌ಎಸ್‌ಎಲ್ (ಸುರಕ್ಷಿತ ಸಂಪರ್ಕದ) ಕೋಡಿನಲ್ಲಿ 'ಗೋಟೂ ಫೇಲ್', ಅಂದರೆ 'ಫೇಲ್ ಅನ್ನುವ ಜಾಗಕ್ಕೆ ಜಿಗಿ' ಅನ್ನುವ ಸಾಲು ಎರಡು ಸಲ ಬಿದ್ದಿತ್ತು. ಅದರ ಮೇಲಿನ ಇಫ್‌ಗೆ (ಷರತ್ತಿಗೆ) ಬ್ರಾಕೆಟ್ ಇರಲಿಲ್ಲ. ಎರಡನೇ ಸಾಲೂ ಇಫ್ ಒಳಗೇ ಇರುವ ಹಾಗೆ ಕಾಣುತ್ತಿತ್ತು, ಆದರೆ ಅದು ಪ್ರತಿ ಸಲವೂ ಓಡುತ್ತಿತ್ತು. ಸರ್ವರ್‌ನ ಸಹಿ ಪರೀಕ್ಷೆಯೇ ನಡೆಯಲಿಲ್ಲ.

ಕಾಲೇಜಿನಲ್ಲಿ ಗೋಟೂ ಅಂದರೆ ಪಾಪ ಅಂತ ಹೇಳಿಕೊಟ್ಟಿದ್ದರು. ಡ್ರೈವರ್‌ನಲ್ಲಿ ಮಾತ್ರ ಅದೇ ಗತಿ. ನಡುವೆ ಎರರ್ ಬಂದರೆ, ಹತ್ತಿದ ಮೆಟ್ಟಿಲನ್ನು ಕೊನೆಯದರಿಂದ ಮೊದಲಿಗೆ ಇಳಿಯಬೇಕು, ಅಂದರೆ ಆನ್ ಮಾಡಿದ್ದನ್ನೆಲ್ಲ ಆಫ್ ಮಾಡಬೇಕು. ಆದರೆ ಲೇಬಲ್‌ಗೆ (ಗೋಟೂ ಜಿಗಿಯುವ ಜಾಗದ ಹೆಸರಿಗೆ) 'ಎರರ್1', 'ಎರರ್2' ಅಂತ ಹೆಸರಿಟ್ಟರೆ ನಾನು ಒಪ್ಪುವುದಿಲ್ಲ. ನಡುವೆ ಒಂದು ಹೆಜ್ಜೆ ಸೇರಿಸಿದರೆ ಎಲ್ಲ ನಂಬರ್ ಬದಲಾಗಬೇಕು, ಯಾರಾದರೂ ಒಂದನ್ನು ಮರೆತೇ ಮರೆಯುತ್ತಾರೆ. 'ಕ್ಲಾಕ್ ಆಫ್ ಮಾಡು' ಅಂತಲೇ ಹೆಸರಿಡಿ. ಆ ಲೇಬಲ್ ಇಲ್ಲದಿದ್ದರೆ ಓದುವವನಿಗೆ ತಕ್ಷಣ ಗೊತ್ತಾಗುತ್ತೆ, ಅಲ್ವಾ? ಡೆವ್ಎಮ್ ಅಂತ ಶುರುವಾಗುವ ಕರ್ನಲ್ ಫಂಕ್ಷನ್ ಬಳಸಿದರೆ ಇಳಿಯುವ ಕೆಲಸವನ್ನು ಕರ್ನಲ್ಲೇ ನೋಡಿಕೊಳ್ಳುತ್ತದೆ, ಇನ್ನೂ ಒಳ್ಳೆಯದು.

ಈಗ ಅದೇ ಹುಡುಗ ನನ್ನ ಕೋಡ್ ರಿವ್ಯೂ ಮಾಡುತ್ತಾನೆ. ಮೊನ್ನೆ ಒಂದೇ ಒಂದು ಕಾಮೆಂಟ್ ಹಾಕಿದ್ದ: 'ಸಾರ್, ರೀಸೆಟ್ ಆದಮೇಲೆ 20 ಮಿಲಿಸೆಕೆಂಡ್ ಕಾಯ್ತಿದೀರಲ್ಲ, ಈ 20 ಎಲ್ಲಿಂದ ಬಂತು?'

ಚಿಪ್ಪಿನ ವಿವರ ಇರುವ ಡೇಟಾಶೀಟ್ ತೆಗೆದು ಕೂತೆ. ಇನ್ನೂ ಹುಡುಕುತ್ತಿದ್ದೇನೆ.