ನಾಳೆ ಬೆಳಿಗ್ಗೆಯಿಂದ ಒಳ್ಳೆಯವರಾಗುವ ಕೋರ್ಸು

ಇವತ್ತು ನಮ್ಮ ಆಫೀಸಿನಲ್ಲಿ ಟ್ರೈನಿಂಗ್ ಇತ್ತು. ವಿಷಯ 'ಮೈಂಡ್‌ಸೆಟ್'. ಕೋಟು ಹಾಕಿಕೊಂಡು ಬಂದಿದ್ದ ಮಹಾಶಯರು ಪರದೆ ಮೇಲೆ 'ಗ್ರೌಂಡ್‌ಹಾಗ್ ಡೇ' ಸಿನಿಮಾದ ಒಂದು ತುಣುಕು ಹಾಕಿದರು. ನನ್ನ ಕಿವಿ ನೆಟ್ಟಗಾಯಿತು. ಆ ಸಿನಿಮಾದ ಹುಚ್ಚು ನನಗೆ ಎಷ್ಟಿದೆ ಅಂತ ನಿಮಗೆ ಗೊತ್ತೇ ಇದೆ. ನಿಮ್ಮಲ್ಲಿ ಕೆಲವರನ್ನು ಬಲವಂತವಾಗಿ ಕೂರಿಸಿ ತೋರಿಸಿದ್ದೇನೆ ಕೂಡ. ತುಣುಕು ಮುಗಿಯಿತು. ಮಹಾಶಯರು ಹೇಳಿದರು: "ಫಿಲ್ ತನ್ನ ಯೋಚನೆ ಬದಲಿಸಿದ, ಅವನ ದಿನವೇ ಬದಲಾಯಿತು. ನೀವೂ ನಾಳೆ ಬೆಳಿಗ್ಗೆಯಿಂದ ಬದಲಾಗಬಹುದು."

ನಾಳೆ ಬೆಳಿಗ್ಗೆಯಿಂದ! ಸಿನಿಮಾ ಪೂರ್ತಿ ನೋಡಿದ್ದೀರಾ ಸ್ವಾಮೀ?

ನೋಡದವರಿಗೆ ಎರಡು ಮಾತು. 1993ರ ಸಿನಿಮಾ. ಪಿಟ್ಸ್‌ಬರ್ಗಿನ ಟಿವಿಯಲ್ಲಿ ಹವಾಮಾನ ಹೇಳುವ ಫಿಲ್ ಕಾನರ್ಸ್ ಮಹಾ ಸ್ವಾರ್ಥಿ, ಜಂಬದ ಕೋಳಿ. ಬಿಲ್ ಮರ‍್ರೆ ಮಾಡಿರುವ ಪಾತ್ರ. ಫೆಬ್ರವರಿ 2ರಂದು ಪಂಕ್ಸಟಾನಿ ಅನ್ನುವ ಸಣ್ಣ ಊರಿಗೆ ಹೋಗುತ್ತಾನೆ. ಚಳಿಗಾಲ ಇನ್ನೆಷ್ಟು ದಿನ ಅಂತ ಅಲ್ಲಿ ಗ್ರೌಂಡ್‌ಹಾಗ್ ಅನ್ನುವ ಒಂದು ಪ್ರಾಣಿ ಭವಿಷ್ಯ ಹೇಳುತ್ತದೆ, ಅದರ ವರದಿಗೆ. ಹಿಮಪಾತಕ್ಕೆ ಸಿಕ್ಕಿ ಅಲ್ಲೇ ಉಳಿಯುತ್ತಾನೆ. ಮರುದಿನ ಬೆಳಿಗ್ಗೆ ಆರಕ್ಕೆ ಏಳುತ್ತಾನೆ, ಮತ್ತೆ ಫೆಬ್ರವರಿ 2. ಅದರ ಮರುದಿನವೂ ಅದೇ. ಅವನೊಬ್ಬನನ್ನು ಬಿಟ್ಟು ಬೇರೆ ಯಾರಿಗೂ ಇದು ನೆನಪಿರುವುದಿಲ್ಲ. ಯಾಕೆ ಹೀಗೆ ಅಂತ ಸಿನಿಮಾ ಕೊನೆಯವರೆಗೂ ಹೇಳುವುದಿಲ್ಲ. ಬರೆಯುವ ಹಂತದಲ್ಲಿ ಹಳೇ ಪ್ರೇಯಸಿಯ ಶಾಪ ಅಂತೇನೋ ಸೇರಿಸಿದ್ದರಂತೆ. ಪುಣ್ಯಕ್ಕೆ ತೆಗೆದುಹಾಕಿದರು.

ಇಷ್ಟು ಆದಮೇಲೆ ಅವನು ಮಾಡುವುದೇನು? ಮೈಂಡ್‌ಸೆಟ್ ಬದಲಿಸುವುದಾ? ಇಲ್ಲ ಸ್ವಾಮೀ. ಬ್ಯಾಂಕಿನ ಗಾಡಿಯಿಂದ ದುಡ್ಡಿನ ಚೀಲ ಎತ್ತುತ್ತಾನೆ. ಒಬ್ಬಳ ಶಾಲೆ ಯಾವುದು, ಟೀಚರ್ ಯಾರು ಅಂತ ಇವತ್ತು ಕೇಳಿಕೊಂಡು, 'ನಾಳೆ' ಹೋಗಿ ನಾನು ನಿನ್ನ ಕ್ಲಾಸ್‌ಮೇಟ್ ಅನ್ನುತ್ತಾನೆ. ಜೊತೆಗೆ ಬಂದಿರುವ ತನ್ನ ಟಿವಿಯ ಪ್ರೊಡ್ಯೂಸರ್ ರೀಟಾಗೆ ಏನು ಇಷ್ಟ ಅಂತ ಒಂದೊಂದೇ ಬಾಯಿಪಾಠ ಮಾಡುತ್ತಾನೆ. ಅವಳು ಫ್ರೆಂಚ್ ಕಾವ್ಯ ಓದಿದ್ದೇನೆ ಅಂದಾಗ ಮೊದಲು ನಗುತ್ತಾನೆ, ಇನ್ನೊಂದು ಸಲ ಅದೇ ಭಾಷೆಯಲ್ಲಿ ಪದ್ಯ ಒಪ್ಪಿಸುತ್ತಾನೆ. ಎಲ್ಲಾ ಸರಿಯಾಗಿ ಮಾಡಿದರೂ ಸಿಗುವುದು ಕಪಾಳಕ್ಕೆ. ಒಂದಲ್ಲ, ಸಾಲು ಸಾಲಾಗಿ. ಆಮೇಲೆ ಸಾಯಲು ಹೋಗುತ್ತಾನೆ, ಅದೂ ಆಗುವುದಿಲ್ಲ. ಇದೆಲ್ಲ ಆಗಿ, ಬೇಸರ ತಲೆಗೇರಿ, ಬೇರೆ ದಾರಿಯೇ ಇಲ್ಲ ಅನ್ನಿಸಿದ ಮೇಲೆ ಮನುಷ್ಯ ನಿಧಾನಕ್ಕೆ ಸರಿಯಾಗುತ್ತಾನೆ. ಅವನು ಅಲ್ಲಿ ಎಷ್ಟು ಕಾಲ ಸಿಕ್ಕಿಕೊಂಡಿದ್ದ ಅಂತ ಕೇಳಿದ್ದಕ್ಕೆ ನಿರ್ದೇಶಕ ಹೆರಾಲ್ಡ್ ರಾಮಿಸ್ ಮೊದಲು ಹತ್ತು ವರ್ಷ ಅಂದಿದ್ದರು, ಆಮೇಲೆ ಅದನ್ನು ಮೂವತ್ತು ನಲವತ್ತಕ್ಕೆ ಏರಿಸಿದರು. ನಮ್ಮ ಮಹಾಶಯರು ಊಟಕ್ಕೆ ಮುಂಚೆಯೇ ಮುಗಿಸಿಬಿಟ್ಟರು!

ಹಾಗೆ ನೋಡಿದರೆ ನಮ್ಮ ಸಿನಿಮಾಗಳೂ ಕಮ್ಮಿಯಿಲ್ಲ. ಎರಡೂಕಾಲು ಗಂಟೆ ಮೆರೆದ ಹೀರೋ, ಅಮ್ಮ ಐಸಿಯು ಸೇರಿದ ತಕ್ಷಣ ಸಂತ. ಹಿನ್ನೆಲೆಯಲ್ಲಿ ಕೊಳಲು.

"ಅಲ್ವೋ, ಕೊನೆಗೆ ಪ್ರೀತಿಯೇ ತಾನೇ ಅವನನ್ನು ಬದಲಿಸಿದ್ದು?" ಅಂತ ಊಟದ ಹೊತ್ತಿಗೆ ಗೆಳೆಯನೊಬ್ಬ ಕೇಳಿದ. ಇರಬಹುದು, ರೀಟಾ ಇಲ್ಲದೆ ಅವನು ಬದಲಾಗುತ್ತಿರಲಿಲ್ಲ. ಆದರೆ ಅವಳಿಗಾಗಿ ಮಾಡಿದ್ದೆಲ್ಲ ನೆಲಕಚ್ಚಿತಲ್ಲ ಮಾರಾಯ! ಬೀದಿಯಲ್ಲಿ ಭಿಕ್ಷೆ ಬೇಡುವ ಆ ಮುದುಕನನ್ನು ನೆನಪು ಮಾಡಿಕೋ. ಫಿಲ್ ಅವನನ್ನು ಆಸ್ಪತ್ರೆಗೆ ಒಯ್ಯುತ್ತಾನೆ, ಮುದುಕ ಸತ್ತುಹೋಗುತ್ತಾನೆ. ಮುಂದಿನ ಸಲ ಬಿಸಿ ಸೂಪ್ ಕುಡಿಸುತ್ತಾನೆ, ಆಗಲೂ ಮುದುಕ ಸಾಯುತ್ತಾನೆ. ಎಷ್ಟು ಸಲ ಬಂದರೂ ಅದೇ ಫೆಬ್ರವರಿ 2, ಅದೇ ಸಾವು. ಆ ಮುದುಕನಿಂದ ಇವನಿಗೆ ಬರುವುದೇನಿದೆ? ಪೂರ್ತಿ ನಗಿಸುವ ಸಿನಿಮಾದ ನಡುವೆ ಇದನ್ನು ಇಡಲು ಎಷ್ಟು ಧೈರ್ಯ ಬೇಕು! ಟ್ರೈನಿಂಗಿನಲ್ಲಿ ಈ ತುಣುಕು ಮಾತ್ರ ಯಾರೂ ಹಾಕುವುದಿಲ್ಲ.

ಇನ್ನೊಂದು ತಮಾಷೆ. ಇದನ್ನು ತೆಗೆಯುವಾಗಲೇ ರಾಮಿಸ್, ಮರ‍್ರೆ ಇಬ್ಬರೂ ಜಗಳ ಆಡಿಕೊಂಡರು. ಹಳೇ ಸ್ನೇಹಿತರು. ಆಮೇಲೆ ಸುಮಾರು ಇಪ್ಪತ್ತು ವರ್ಷ ಹೆಚ್ಚುಕಮ್ಮಿ ಮಾತೇ ಇಲ್ಲ. ರಾಮಿಸ್ ಕಾಯಿಲೆ ಬಿದ್ದ ಮೇಲೆ ಮರ‍್ರೆ ಹೋಗಿ ನೋಡಿದರು, 2014ರಲ್ಲಿ ರಾಮಿಸ್ ತೀರಿಕೊಂಡರು. ಮನುಷ್ಯ ಬದಲಾಗುವುದರ ಬಗ್ಗೆ ಇಷ್ಟು ಒಳ್ಳೇ ಸಿನಿಮಾ ಮಾಡಿದವರಿಗೇ ಒಂದು ಮಾತು ಆಡಲು ಅಷ್ಟು ವರ್ಷ ಹಿಡಿಯಿತು. ನಮಗೆ ಸೋಮವಾರದೊಳಗೆ ಆಗಬೇಕಂತೆ.

ನಿಜ ಹೇಳಲಾ? ನನಗೆ ಕೆಟ್ಟವನಾಗಿದ್ದ ಫಿಲ್ಲೇ ಜಾಸ್ತಿ ಇಷ್ಟ. ಬೀದಿಯಲ್ಲಿ ಅಡ್ಡಗಟ್ಟುವ ಇನ್ಶೂರೆನ್ಸ್ ನೆಡ್‌ಗೆ ಅವನು ಗುದ್ದಿದಾಗ ಎದ್ದು ಚಪ್ಪಾಳೆ ಹೊಡೆದವನು ನಾನು. ಮದುವೆ ಮನೆಗಳಲ್ಲಿ ನನ್ನನ್ನು ಹಿಡಿದುಕೊಂಡ ಎಷ್ಟು ನೆಡ್‌ಗಳು ಕಣ್ಣ ಮುಂದೆ ಬಂದರೋ!

ಒಳ್ಳೆಯವನಾಗಲು ಶುರು ಮಾಡಿದಾಗಲೂ ಅವನ ಬುದ್ಧಿ ಪೂರ್ತಿ ಹೋಗುವುದಿಲ್ಲ, ಗಮನಿಸಿದ್ದೀರಾ? ಪಿಯಾನೋ ಕಲಿಯಬೇಕು ಅನ್ನಿಸುತ್ತದೆ. ಟೀಚರ್ ಮನೆಗೆ ಹೋದರೆ ಒಂದು ಪುಟ್ಟ ಹುಡುಗಿಗೆ ಪಾಠ ನಡೆದಿದೆ. ಇವನು ಸಾವಿರ ಡಾಲರ್ ಕೊಡುತ್ತೇನೆ ಅನ್ನುತ್ತಾನೆ. ಆ ಮಗು ಬೀದಿಗೆ. ಕೊನೆಯಲ್ಲಿ ಇವನು ಅದ್ಭುತವಾಗಿ ನುಡಿಸುವಾಗ ಟೀಚರ್, ಇವನು ನನ್ನ ಶಿಷ್ಯ ಅಂತ ಬೀಗುತ್ತಾರೆ. ಆ ಹುಡುಗಿಯ ಕ್ಲಾಸು ಎಷ್ಟು ಸಲ ತಪ್ಪಿತು ಅಂತ ಮಾತ್ರ ಯಾರೂ ಲೆಕ್ಕ ಇಟ್ಟಿಲ್ಲ.